ಸೊಂಟ ನೋವು: ಯಾವ ಚಿಕಿತ್ಸೆ ಯಾವುದಕ್ಕಿಂತ ವಾಸಿ?



ನಮ್ಮ ಹಳ್ಳಿಗಳಲ್ಲಿ ಸೊಂಟ ಹಿಡಿದುಕೊಂಡರೆ ಕಾಲು ಮುಂದಾಗಿ ಹುಟ್ಟಿದವರನ್ನು ಹುಡುಕಿಕೊಂಡು ಹೋಗಿ, ಬೆನ್ನಿಗೆ ಒದೆಸಿಕೊಂಡು ಬರುವ ರೂಢಿ ಇತ್ತು. ಕೆಲವು ಕಡೆ ಈಗಲೂ ಇದೆ. ಒದೆಸಿಕೊಂಡವರಲ್ಲಿ ಬಹಳ ಜನಕ್ಕೆ ಕೆಲವೇ ದಿನಗಳಲ್ಲಿ ನೋವು ಇಳಿಯುತ್ತದೆ ಎಂಬ ಮಾತೂ ಸುಳ್ಳಲ್ಲ. ವೈದ್ಯನಾದ ನಾನು ಇದನ್ನು ಕೇಳಿ ನಕ್ಕು ಸುಮ್ಮನಾಗಬಹುದು. ಆದರೆ ನಗುವ ಮೊದಲು, ನಾನು ಬರೆದುಕೊಡುವ ಮಾತ್ರೆಗೂ ಆ ಒದೆತಕ್ಕೂ ಪಂದ್ಯ ಕಟ್ಟಿದರೆ ಗೆಲ್ಲುವುದು ಯಾವುದು ಎಂಬುದಕ್ಕೆ ಉತ್ತರ ಹೇಳಬೇಕಾಗುತ್ತದೆ. ಉತ್ತರ ಅಷ್ಟು ಸಲೀಸಲ್ಲ. ಇವತ್ತು ನಾನು ಹೇಳಬೇಕೆಂದಿರುವುದೆಲ್ಲ ಆ ಪಂದ್ಯದ ಸುತ್ತಲೇ ಇದೆ.

ಯಾವ ನೋವಿನ ಮಾತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ತುಂಬಿದ ಬಿಂದಿಗೆ ಎತ್ತುವಾಗಲೋ, ಗ್ಯಾಸ್ ಸಿಲಿಂಡರ್ ಸರಿಸುವಾಗಲೋ, ಒಮ್ಮೊಮ್ಮೆ ಬರೀ ಸೀನಿದಾಗಲೋ ಛಳಕ್ಕೆಂದು ಹಿಡಿದುಕೊಳ್ಳುವ ನೋವು. ಬೆನ್ನುಮೂಳೆಯ ಎಡಕ್ಕೋ ಬಲಕ್ಕೋ ಕೈಯಿಟ್ಟರೆ ಮಾಂಸಖಂಡ ಗಟ್ಟಿಯಾಗಿ ಸಿಗುತ್ತದೆ. ಮಗ್ಗುಲು ಬದಲಿಸಿದರೆ ಜೀವ ಹೋದಂತಾಗುತ್ತದೆ, ಆದರೆ ನೋವು ಮೊಣಕಾಲು ದಾಟಿ ಕೆಳಗಿಳಿಯುವುದಿಲ್ಲ. ಮೈಸೂರಿನ ಕಡೆಯವರು ಸೊಂಟ ಉಳುಕಿದೆ ಎನ್ನುತ್ತಾರೆ, ಧಾರವಾಡದ ಕಡೆಯವರು ಟೊಂಕ ಹಿಡಿದೈತಿ ಎನ್ನುತ್ತಾರೆ, ನಾವು ಚೀಟಿಯಲ್ಲಿ ಮಸಲ್ ಸ್ಪಾಸಮ್ ಎಂದು ಬರೆಯುತ್ತೇವೆ. ಇಂಥದೇ ಸ್ನಾಯು, ಇಷ್ಟೇ ಗಾಯ ಎಂದು ಬೆರಳಿಟ್ಟು ತೋರಿಸುವುದು ಹೆಚ್ಚಿನ ಸಲ ನಮಗೂ ಆಗುವುದಿಲ್ಲ. ಸೊಂಟ ನೋವೆಂದು ಬರುವ ಹತ್ತು ಜನರಲ್ಲಿ ಸುಮಾರು ಒಂಬತ್ತು ಜನಕ್ಕೆ ಗಂಡಾಂತರದ ಕಾರಣ ಇರುವುದಿಲ್ಲ. ಆ ಒಂಬತ್ತು ಜನರ ನೋವಿನಲ್ಲಿ ಸ್ನಾಯು, ಅಸ್ಥಿರಜ್ಜು, ಕೀಲು ಎಲ್ಲವೂ ಸ್ವಲ್ಪ ಸ್ವಲ್ಪ ಸೇರಿಕೊಂಡಿರುತ್ತವೆ. 2020ರ ಲೆಕ್ಕದಂತೆ ಜಗತ್ತಿನಲ್ಲಿ ಸುಮಾರು 61.9 ಕೋಟಿ ಜನ ಸೊಂಟ ನೋವಿನವರು. ಮನುಷ್ಯರನ್ನು ಕೆಲಸಕ್ಕೆ ಬಾರದಂತೆ ಮೂಲೆಗೆ ಕೂರಿಸುವ ಕಾಯಿಲೆಗಳಲ್ಲಿ ಇದಕ್ಕೇ ಮೊದಲ ಸ್ಥಾನ.

ಉಳಿದ ಆ ಒಬ್ಬರನ್ನು ಮರೆಯುವಂತಿಲ್ಲ. ಮೂತ್ರ ಕಟ್ಟುವುದು, ಅರಿವಿಲ್ಲದೆ ಮಲಮೂತ್ರ ಹೋಗುವುದು, ಕೂರುವ ಜಾಗ ಮರಗಟ್ಟುವುದು, ಕಾಲಿನ ಶಕ್ತಿ ಕುಂದುವುದು ಕಂಡರೆ ಆ ಹೊತ್ತಿಗೇ ಆಸ್ಪತ್ರೆಗೆ ಓಡಬೇಕು. ಜ್ವರ, ತೂಕ ಇಳಿಯುವುದು, ರಾತ್ರಿಯ ನೋವು, ಹಿಂದೆ ಕ್ಯಾನ್ಸರ್ ಆಗಿದ್ದದ್ದು, ವಯಸ್ಸಾದವರು ಬಿದ್ದ ಮೇಲೆ ಬಂದ ನೋವು, ಇವಕ್ಕೆಲ್ಲ ತಪಾಸಣೆ ಬೇಕೇ ಬೇಕು. ನಮ್ಮ ದೇಶದಲ್ಲಿ ಬೆನ್ನುಮೂಳೆಯ ಕ್ಷಯ ಇನ್ನೂ ಇದೆ. ಅದು ಎಣ್ಣೆ ತಿಕ್ಕಿದರೆ ಹೋಗುವಂಥದ್ದಲ್ಲ. ನನ್ನ ಮುಂದಿನ ಮಾತು ಇವರಿಗೆ ಅನ್ವಯಿಸುವುದಿಲ್ಲ.

ಇನ್ನು ಸ್ಕ್ಯಾನಿಂಗ್. ಎಂ.ಆರ್.ಐ. ವರದಿಯ ಲಕೋಟೆ ಹಿಡಿದು, ‘ಎಲ್4-ಎಲ್5 ಗ್ಯಾಪ್ ಬಂದಿದೆಯಂತೆ ಸಾರ್’ ಎಂದು ಮುಖ ಸಣ್ಣಗೆ ಮಾಡಿಕೊಂಡು ಬರುವವರನ್ನು ದಿನವೂ ನೋಡುತ್ತೇನೆ. ಅಮೆರಿಕದಲ್ಲಿ ಸೊಂಟ ನೋವೇ ಇಲ್ಲದ 98 ಜನರನ್ನು ಎಂ.ಆರ್.ಐ. ಯಂತ್ರದೊಳಗೆ ಮಲಗಿಸಿ ನೋಡಿದರು. 1994ರಲ್ಲಿ ಪ್ರಕಟವಾದ ಆ ಫಲಿತಾಂಶದಂತೆ ಅವರಲ್ಲಿ ಶೇ. 52 ಜನರ ಒಂದಲ್ಲ ಒಂದು ಡಿಸ್ಕ್ ಉಬ್ಬಿತ್ತು. 2015ರಲ್ಲಿ ಇಂಥ ಹಲವು ಅಧ್ಯಯನಗಳನ್ನು ಒಟ್ಟುಮಾಡಿ, ನೋವಿಲ್ಲದ ಮೂರು ಸಾವಿರಕ್ಕೂ ಹೆಚ್ಚು ಜನರ ಚಿತ್ರಗಳನ್ನು ಲೆಕ್ಕ ಹಾಕಿದಾಗ, ಇಪ್ಪತ್ತರ ಹರೆಯದಲ್ಲೇ ಶೇ. 37 ಮಂದಿಗೆ, ಐವತ್ತರ ವಯಸ್ಸಿಗೆ ಶೇ. 80 ಮಂದಿಗೆ ಡಿಸ್ಕ್ ಸವೆತ ಕಂಡಿತು. ತಲೆಗೂದಲು ನರೆಯುವ ಹಾಗೆ ಡಿಸ್ಕೂ ಸವೆಯುತ್ತದೆ. ವರದಿಯಲ್ಲಿ ಅದನ್ನು ಬರೆದರೆ ತಪ್ಪಲ್ಲ, ಅದನ್ನು ಓದಿ ಮನುಷ್ಯ ಬಗ್ಗುವುದನ್ನೇ ಬಿಟ್ಟರೆ ತಪ್ಪು.

ಬಗ್ಗುವ ಮಾತು ಬಂತು. ನಾಟಿ ಗದ್ದೆಯಲ್ಲಿ ಪೈರು ನೆಡುವ ಹೆಣ್ಣುಮಕ್ಕಳನ್ನು ಹತ್ತಿರದಿಂದ ಗಮನಿಸಿ. ಮಂಡಿ ಹೆಚ್ಚು ಮಡಿಸದೆ, ಸೊಂಟದಿಂದ ಪೂರ್ತಿ ಬಾಗಿ, ಎಡಗೈಯಲ್ಲಿ ಸಸಿಯ ಕಟ್ಟು ಹಿಡಿದು, ಬಲಗೈಯಿಂದ ನೆಡುತ್ತ ಹಿಂದೆ ಹಿಂದೆ ಸರಿಯುತ್ತಾರೆ. ಹಾಗೆ ಪೂರ್ತಿ ಬಾಗಿದಾಗ ಬೆನ್ನನ್ನು ಎತ್ತಿ ಹಿಡಿಯುವ ಉದ್ದ ಸ್ನಾಯುಗಳು ಕೆಲಸ ನಿಲ್ಲಿಸಿ ಸುಮ್ಮನಾಗಿಬಿಡುತ್ತವೆ. ಭಾರವೆಲ್ಲ ಅಸ್ಥಿರಜ್ಜುಗಳ ಮೇಲೆ ತೂಗುತ್ತದೆ. ಸ್ನಾಯುವಿನ ವಿದ್ಯುತ್ ಚಟುವಟಿಕೆಯನ್ನು ಅಳೆದು ಇದನ್ನು 1950ರ ದಶಕದಲ್ಲೇ ತೋರಿಸಿದ್ದಾರೆ. ತಾಸುಗಟ್ಟಲೆ ಬಾಗಿದ್ದು ಒಮ್ಮೆಲೇ ಎದ್ದಾಗ, ಮಲಗಿದ್ದ ಸ್ನಾಯು ಥಟ್ಟನೆ ಎಚ್ಚೆತ್ತು ಇಡೀ ಮೈಯನ್ನು ಎತ್ತಬೇಕು. ಹಿಡಿದುಕೊಳ್ಳುವುದು ಬಹಳ ಸಲ ಆ ಗಳಿಗೆಯಲ್ಲೇ. ಗದ್ದೆಯಲ್ಲಿ ಅವರು ಆಗಾಗ ನೆಟ್ಟಗೆ ನಿಂತು, ಸೊಂಟಕ್ಕೆ ಕೈಕೊಟ್ಟು, ಹಿಂದಕ್ಕೆ ಬಾಗಿ, ಎರಡು ಮಾತಾಡಿ ಮತ್ತೆ ಬಗ್ಗುತ್ತಾರೆ. ಮೇಸ್ತ್ರಿಗೆ ಅದು ಮೈಗಳ್ಳತನವಾಗಿ ಕಾಣುತ್ತದೆ. ನನ್ನ ಕಣ್ಣಿಗೆ ಅದು ಸರಿಯಾದ ವ್ಯಾಯಾಮ. ಕಂಪ್ಯೂಟರ್ ಮುಂದೆ ಕೂತವರಿಗೆ ಅಷ್ಟೂ ತೋಚುವುದಿಲ್ಲ.

ಈಗ ಪಂದ್ಯಕ್ಕೆ ಬರೋಣ. ಹೊಸದಾಗಿ ಹಿಡಿದ ಸೊಂಟ ನೋವು ಯಾವ ಮದ್ದೂ ಇಲ್ಲದೆ ಮೊದಲ ಆರು ವಾರದೊಳಗೆ ಬಹುಪಾಲು ಇಳಿಯುತ್ತದೆ. ನೋವು ಉತ್ತುಂಗದಲ್ಲಿದ್ದಾಗ ನಾವು ಮದ್ದು ಹುಡುಕುತ್ತೇವೆ. ಉತ್ತುಂಗದಿಂದ ಮುಂದಿನ ದಾರಿ ಇಳಿಜಾರೇ. ಆ ಇಳಿಜಾರಿನಲ್ಲಿ ಯಾರು ಕೈಹಿಡಿದರೂ ಇಳಿಸಿದ ಕೀರ್ತಿ ಅವರದೇ: ಒದ್ದವರು, ಎಣ್ಣೆ ತಿಕ್ಕಿದವರು, ಸೂಜಿ ಚುಚ್ಚಿದವರು, ನಾನು. ಆದ್ದರಿಂದ ‘ನನಗೆ ಇದರಿಂದ ವಾಸಿಯಾಯಿತು’ ಎಂಬ ಸಾಕ್ಷಿ ಎಷ್ಟು ಪ್ರಾಮಾಣಿಕವಾಗಿದ್ದರೂ ಇಲ್ಲಿ ನಡೆಯುವುದಿಲ್ಲ. ಒಂದೇ ಬಗೆಯ ನೋವಿನವರನ್ನು ಚೀಟಿ ಎತ್ತಿದ ಹಾಗೆ ಎರಡು ಪಾಲು ಮಾಡಿ, ಒಂದು ಪಾಲಿಗೆ ಮದ್ದು, ಇನ್ನೊಂದು ಪಾಲಿಗೆ ಮದ್ದಿನ ಹಾಗೇ ಕಾಣುವ ಬರೀ ಗುಳಿಗೆ ಕೊಟ್ಟು ನೋಡಬೇಕು. ನೋಡಿದಾಗ ಆದದ್ದೇನು?

ಮೊದಲು ಉರುಳಿದ್ದು ನಮ್ಮ ಹಿಂದಿನ ತಲೆಮಾರಿನ ವೈದ್ಯರು ಕಣ್ಣುಮುಚ್ಚಿ ಹೇಳುತ್ತಿದ್ದ ಮಾತು: ಹಲಗೆ ಮೇಲೆ ಮಲಗಿ, ಏಳಬೇಡಿ. ಫಿನ್ಲೆಂಡಿನ ಹೆಲ್ಸಿಂಕಿ ನಗರಾಡಳಿತದ ನೌಕರರಲ್ಲಿ ನೋವು ಹಿಡಿದ 186 ಜನರನ್ನು ಮೂರು ಗುಂಪು ಮಾಡಿದರು. ಒಂದಕ್ಕೆ ಎರಡು ದಿನ ಹಾಸಿಗೆ, ಇನ್ನೊಂದಕ್ಕೆ ಬೆನ್ನಿನ ವ್ಯಾಯಾಮ, ಮೂರನೆಯದಕ್ಕೆ ನೋವು ತಾಳುವಷ್ಟು ಮಟ್ಟಿಗೆ ಎಂದಿನ ಓಡಾಟ. 1995ರಲ್ಲಿ ಬಂದ ಫಲಿತಾಂಶದಲ್ಲಿ ಎಲ್ಲರಿಗಿಂತ ಬೇಗ ಚೇತರಿಸಿಕೊಂಡವರು ಮೂರನೆಯವರು, ಎಲ್ಲರಿಗಿಂತ ನಿಧಾನ ಹಾಸಿಗೆ ಹಿಡಿದವರು. ಹಲಗೆಯ ಮಾತೂ ನಿಲ್ಲಲಿಲ್ಲ. 2003ರಲ್ಲಿ ಸ್ಪೇನಿನವರು ಹಳೆಯ ಸೊಂಟ ನೋವಿನ 313 ಜನರಿಗೆ ಎರಡು ಬಗೆಯ ಹಾಸಿಗೆ ಕೊಟ್ಟು ನೋಡಿದಾಗ, ಗಟ್ಟಿ ಹಾಸಿಗೆಗಿಂತ ಮಧ್ಯಮ ಗಟ್ಟಿಯದೇ ಮೇಲೆನಿಸಿತು.

ಓಡಾಡಿ ಎಂದ ಮಾತ್ರಕ್ಕೆ ಮೂಟೆ ಹೊರಿ ಎಂದು ಅರ್ಥವಲ್ಲ. ಐವತ್ತು ಕಿಲೋ ಸಿಮೆಂಟ್ ಚೀಲ ಹೊರುವ ಹಮಾಲಿಗೆ ‘ಎಂದಿನ ಕೆಲಸ ಮಾಡಿಕೊಂಡಿರಿ’ ಎಂದು ಹೇಳುವ ವೈದ್ಯ ಚೀಲ ಎತ್ತಿ ನೋಡಿದವನಲ್ಲ. ಅವನಿಗೆ ಬೇಕಾದದ್ದು ಹಾಸಿಗೆಯೂ ಅಲ್ಲ, ಚೀಲವೂ ಅಲ್ಲ. ಕೆಲವು ದಿನದ ಮಟ್ಟಿಗೆ ಹಗುರ ಕೆಲಸ, ಕೂಲಿ ಕಡಿತವಿಲ್ಲದೆ. ಅದನ್ನು ಬರೆದುಕೊಡುವ ಚೀಟಿ ಇನ್ನೂ ಅಚ್ಚಾಗಿಲ್ಲ.

ಮಾತ್ರೆಗಳ ಸಂಗತಿ ಇನ್ನೂ ಸ್ವಾರಸ್ಯವಾಗಿದೆ. ಪ್ಯಾರಾಸಿಟಮಾಲ್ ಎಲ್ಲರ ಮನೆಯಲ್ಲೂ ಇರುವ ಮಾತ್ರೆ. ಸೊಂಟಕ್ಕೆ ಮೊದಲು ಅದನ್ನೇ ಕೊಡಿ ಎಂದು ನಮ್ಮ ಪುಸ್ತಕಗಳೆಲ್ಲ ಹೇಳುತ್ತಿದ್ದವು. ಸಿಡ್ನಿಯ ಸಂಶೋಧಕರು 1,652 ಜನರ ಮೇಲೆ ನಡೆಸಿದ ಪರೀಕ್ಷೆ 2014ರಲ್ಲಿ ಪ್ರಕಟವಾಯಿತು. ಮಾತ್ರೆ ನುಂಗಿದವರು ಗುಣವಾಗಲು ಹಿಡಿದದ್ದು ಸುಮಾರು 17 ದಿನ, ಬರೀ ಗುಳಿಗೆ ನುಂಗಿದವರಿಗೆ 16 ದಿನ. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ತುರ್ತು ವಿಭಾಗಕ್ಕೆ ಬಂದ 323 ಜನಕ್ಕೆ ನೆಪ್ರಾಕ್ಸೆನ್ ಎಂಬ ನೋವುಮಾತ್ರೆ ಕೊಟ್ಟು, ಅದರ ಜೊತೆಗೆ ಕೆಲವರಿಗೆ ಸ್ನಾಯು ಸಡಿಲಿಸುವ ಮಾತ್ರೆ, ಕೆಲವರಿಗೆ ಅಫೀಮಿನ ವರ್ಗದ ಮಾತ್ರೆ, ಉಳಿದವರಿಗೆ ಬರೀ ಗುಳಿಗೆ ಸೇರಿಸಿದರು. ವಾರದ ಕೊನೆಗೆ ಮೂರೂ ಗುಂಪು ಒಂದೇ ಸಮ. ಇದು 2015ರ ಮಾತು. 2023ರಲ್ಲಿ ಮತ್ತೆ ಸಿಡ್ನಿಯಿಂದಲೇ, ಹೊಸ ಸೊಂಟ ನೋವು ಮತ್ತು ಕತ್ತು ನೋವಿನ 347 ಜನರ ಮೇಲೆ ಅಫೀಮಿನ ವರ್ಗದ ಔಷಧವನ್ನೇ ನೇರವಾಗಿ ತೂಗಿ ನೋಡಿದರು. ಆರು ವಾರಕ್ಕೆ ಅದು ಬರೀ ಗುಳಿಗೆಯನ್ನು ಮೀರಲಿಲ್ಲ.

ಬರೀ ಸ್ನಾಯು ಸಡಿಲಿಸುವ ಮಾತ್ರೆಗಳ ಪರೀಕ್ಷೆಗಳನ್ನೆಲ್ಲ 2021ರಲ್ಲಿ ಒಟ್ಟಿಗೆ ಕೂಡಿಸಿ ನೋಡಿದಾಗ, ಮೊದಲ ಎರಡು ವಾರದಲ್ಲಿ ನೂರರ ಅಳತೆಯಲ್ಲಿ ಎಂಟು ಅಂಕದೊಳಗಿನ ಇಳಿತ ಕಂಡಿತು. ರೋಗಿಗೆ ಅದು ಅರಿವಿಗೆ ಬರುವುದೂ ಕಷ್ಟ, ತಲೆಸುತ್ತು, ಮಂಪರು ಮಾತ್ರ ಚೆನ್ನಾಗಿ ಅರಿವಿಗೆ ಬರುತ್ತವೆ. ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ಉರಿಯೂತ ಇಳಿಸುವ ಮಾತ್ರೆಗಳಿಗೆ ಸ್ವಲ್ಪ ಹೆಚ್ಚು ಅಂಕ. ಕೆಲವು ದಿನ, ಊಟದ ಮೇಲೆ, ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ, ಹೃದ್ರೋಗ ಇಲ್ಲದವರು ವೈದ್ಯರ ಸಲಹೆ ಪಡೆದು ನುಂಗಬಹುದು. ನಮ್ಮ ಮೆಡಿಕಲ್ ಶಾಪಿನ ಗಲ್ಲಾದ ಮೇಲೆ ಮಾರಾಟವಾಗುವುದು ಮಾತ್ರ ಬೇರೆಯೇ ಪದಾರ್ಥ. ‘ಸೊಂಟಕ್ಕೆ ಏನಾದರೂ ಕೊಡಿ’ ಎಂದರೆ ಡೈಕ್ಲೋಫೆನಾಕ್ ಅಥವಾ ಅಸಿಕ್ಲೋಫೆನಾಕ್, ಪ್ಯಾರಾಸಿಟಮಾಲ್, ಕ್ಲೋರ್‌ಜೊಕ್ಸಜೋನ್ ಮೂರೂ ಒಂದೇ ಮಾತ್ರೆಯಲ್ಲಿ ಕುಳಿತ ಪಟ್ಟಿ ಕೈಗೆ ಬರುತ್ತದೆ. ಚೀಟಿ ಕೇಳುವವರಿಲ್ಲ, ಎಷ್ಟು ದಿನ ಎಂದು ಹೇಳುವವರೂ ಇಲ್ಲ. ಪ್ರಸಂಗವಶಾತ್ ಒಂದು ಮಾತು: ಡೈಕ್ಲೋಫೆನಾಕ್ ಕೊಟ್ಟಿದ್ದ ದನಗಳ ಕಳೇಬರ ತಿಂದು ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸತ್ತವು, ಅದಕ್ಕಾಗಿ 2006ರಲ್ಲಿ ದನಗಳ ಚಿಕಿತ್ಸೆಗೆ ಅದನ್ನು ನಿಷೇಧಿಸಲಾಯಿತು. ಮನುಷ್ಯ ರಣಹದ್ದಲ್ಲ, ನಿಜ. ಆದರೆ ಸಕ್ಕರೆ ಕಾಯಿಲೆಯ ಹಿರಿಯರೊಬ್ಬರು ಅದನ್ನೇ ತಿಂಗಳುಗಟ್ಟಲೆ ನುಂಗಿದರೆ ಅವರ ಮೂತ್ರಪಿಂಡವೂ ಕಲ್ಲಲ್ಲ.

ಶಾಖದ ವಿಷಯದಲ್ಲಿ ಅಜ್ಜಿಯರೇ ಗೆದ್ದರು. ಹೊಸ ನೋವಿಗೆ ಬಿಸಿ ಶಾಖ ಕೊಟ್ಟರೆ ಸ್ವಲ್ಪ ಕಾಲ, ಸ್ವಲ್ಪ ಮಟ್ಟಿಗೆ ಆರಾಮ ಸಿಗುತ್ತದೆ ಎಂಬುದಕ್ಕೆ ಪರೀಕ್ಷೆಗಳ ಬೆಂಬಲ ಇದೆ. ಐಸಿಗೆ ಅಷ್ಟು ಬೆಂಬಲ ಇಲ್ಲ. ಬಾಣಲೆಯಲ್ಲಿ ಹುರಿದ ಕಲ್ಲುಪ್ಪನ್ನು ಹಳೆ ಪಂಚೆಯಲ್ಲಿ ಗಂಟು ಕಟ್ಟಿ ಒತ್ತಿದರೂ ಸರಿ, ಬೆಚ್ಚಗೆ ಮಾಡಿದ ಎಕ್ಕದ ಎಲೆಯಾದರೂ ಸರಿ, ಬಿಸಿನೀರಿನ ರಬ್ಬರ್ ಚೀಲವಾದರೂ ಸರಿ. ಸಕ್ಕರೆ ಕಾಯಿಲೆಯಿಂದ ಚರ್ಮದ ಸ್ಪರ್ಶ ಮಂದವಾದವರು ಮಾತ್ರ ಜೋಪಾನ, ಸುಟ್ಟದ್ದು ಗೊತ್ತಾಗುವುದಿಲ್ಲ.

ನೀವುವುದಕ್ಕೂ ಒಳ್ಳೆಯ ಅಂಕವೇ ಬಂದಿದೆ, ಒಂದು ತಮಾಷೆಯೊಂದಿಗೆ. ಅಮೆರಿಕದಲ್ಲಿ ಹಳೆಯ ಸೊಂಟ ನೋವಿನ 401 ಜನರಲ್ಲಿ ಕೆಲವರಿಗೆ ಸ್ನಾಯು ಹುಡುಕಿ, ಗಂಟು ಬಿಡಿಸುವ ವಿಶೇಷ ಮಸಾಜ್. ಕೆಲವರಿಗೆ ಸುಮ್ಮನೆ ಮೈ ಹಗುರಾಗುವ ಸಾಧಾರಣ ಮಸಾಜ್. ಉಳಿದವರಿಗೆ ಎಂದಿನ ವೈದ್ಯ. ಹತ್ತು ವಾರಕ್ಕೆ ಎರಡೂ ಮಸಾಜ್ ಎಂದಿನ ವೈದ್ಯವನ್ನು ಮೀರಿಸಿದವು, ಆದರೆ ಅವೆರಡರ ನಡುವೆ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ. ನರ ಹಿಡಿದು ಎಳೆಯುವ ಗುಟ್ಟು ತನಗೊಬ್ಬನಿಗೇ ಗೊತ್ತು ಎನ್ನುವವನಿಗೆ ದುಡ್ಡು ಸುರಿಯುವ ಮೊದಲು ಇದನ್ನು ನೆನೆಯಿರಿ. ನಮ್ಮ ಆಯುರ್ವೇದದ ಕಟಿಬಸ್ತಿಯಲ್ಲಿ ಉದ್ದಿನ ಹಿಟ್ಟನ್ನು ನಾದಿ, ಸೊಂಟದ ಮೇಲೆ ಬಳೆಯಾಕಾರದ ಕಟ್ಟೆ ಕಟ್ಟಿ, ಬೆಚ್ಚಗಿನ ಎಣ್ಣೆ ತುಂಬಿ, ಆರಿದಂತೆಲ್ಲ ತೆಗೆದು ಮತ್ತೆ ಬಿಸಿ ಎಣ್ಣೆ ಹಾಕುತ್ತಾರೆ. ಶಾಖ, ಎಣ್ಣೆ, ಅಷ್ಟು ಹೊತ್ತು ಒಬ್ಬರು ಪಕ್ಕದಲ್ಲಿ ಕೂತು ನೋಡಿಕೊಳ್ಳುವ ನೆಮ್ಮದಿ ಮೂರೂ ಅದರಲ್ಲಿವೆ. ಮೇಲೆ ಹೇಳಿದಷ್ಟು ದೊಡ್ಡ ತಕ್ಕಡಿಯಲ್ಲಿ ಅದನ್ನು ತೂಗಿಲ್ಲ, ಹಾನಿಯಂತೂ ಕಡಿಮೆ. ಸಾಲ ಮಾಡಿ ಮಾಡಿಸಿಕೊಳ್ಳುವಂಥದ್ದಲ್ಲ.

ಸೂಜಿ ಚಿಕಿತ್ಸೆಯ ಕತೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಚಿಕಿತ್ಸೆಗಳನ್ನು ಹೋಲಿಸುವುದರ ತೊಡಕೆಲ್ಲ ಅದರಲ್ಲಿದೆ. ಜರ್ಮನಿಯಲ್ಲಿ 1,162 ಜನರ ಮೇಲೆ ಅಕ್ಯುಪಂಕ್ಚರ್ ಪರೀಕ್ಷೆ ನಡೆದು 2007ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಶಾಸ್ತ್ರ ಹೇಳಿದ ಬಿಂದುಗಳಲ್ಲಿ ಸೂಜಿ; ಎರಡನೆಯದಕ್ಕೆ ಶಾಸ್ತ್ರದಲ್ಲಿ ಇಲ್ಲದ ಜಾಗಗಳಲ್ಲಿ ಮೇಲುಮೇಲೆ ಚುಚ್ಚಿದ ಹುಸಿ ಸೂಜಿ; ಮೂರನೆಯದಕ್ಕೆ ಔಷಧ, ಭೌತ ಚಿಕಿತ್ಸೆ, ವ್ಯಾಯಾಮದ ಸಾಮಾನ್ಯ ವೈದ್ಯ. ಆರು ತಿಂಗಳಿಗೆ ಗುಣ ಕಂಡವರು ನಿಜ ಸೂಜಿಯಲ್ಲಿ ಶೇ. 47.6, ಹುಸಿ ಸೂಜಿಯಲ್ಲಿ ಶೇ. 44.2, ಸಾಮಾನ್ಯ ವೈದ್ಯದಲ್ಲಿ ಶೇ. 27.4. ಈಗ ಹೇಳಿ, ಅಕ್ಯುಪಂಕ್ಚರ್ ಗೆದ್ದಿತೋ ಸೋತಿತೋ? ಸಾಮಾನ್ಯ ವೈದ್ಯದ ಜೊತೆ ಹೋಲಿಸಿದರೆ ಗೆಲುವು, ಹುಸಿ ಸೂಜಿಯ ಜೊತೆ ಹೋಲಿಸಿದರೆ ಸಮಸಮ. ಇಂಗ್ಲೆಂಡಿನ ಮಾರ್ಗಸೂಚಿ 2009ರಲ್ಲಿ ಅಕ್ಯುಪಂಕ್ಚರ್ ಕೊಡಬಹುದು ಎಂದಿತು, ಹುಸಿ ಸೂಜಿಯನ್ನು ಮೀರದ್ದು ಬೇಡ ಎಂದು 2016ರಲ್ಲಿ ಹಿಂದೆ ತೆಗೆದುಕೊಂಡಿತು. ಮರುವರ್ಷವೇ ಅಮೆರಿಕದ ವೈದ್ಯರ ಕಾಲೇಜು, ಮಾತ್ರೆಗಿಂತ ಮೊದಲು ಪ್ರಯತ್ನಿಸಬಹುದಾದವುಗಳ ಪಟ್ಟಿಯಲ್ಲಿ ಅದನ್ನೇ ಸೇರಿಸಿತು. ಪುರಾವೆ ಹೆಚ್ಚುಕಡಿಮೆ ಒಂದೇ, ತೀರ್ಪು ಎರಡು. ನನ್ನ ಮಟ್ಟಿಗೆ ಹೇಳುವುದಾದರೆ, ಆ ಮೂರನೆಯ ಅಂಕಿಯೇ ನಮ್ಮನ್ನು ಹೆಚ್ಚು ನಾಚಿಸಬೇಕು. ವಾರಕ್ಕೆ ಎರಡು ಸಲ ಅರ್ಧ ಗಂಟೆ ರೋಗಿಯ ಜೊತೆ ಕೂತವರು, ಸೂಜಿ ಎಲ್ಲಿ ಚುಚ್ಚಿದರೂ, ನಮ್ಮನ್ನು ಸೋಲಿಸಿದ್ದಾರೆ.

ಯೋಗಕ್ಕೆ ಬರೋಣ, ಇಲ್ಲಿ ನಮ್ಮ ನಾಡಿನದೂ ಒಂದು ಪರೀಕ್ಷೆ ಇದೆ. ಬೆಂಗಳೂರು ಹೊರವಲಯದ ಜಿಗಣಿಯ ಎಸ್-ವ್ಯಾಸ ಸಂಸ್ಥೆಯ ಪ್ರಶಾಂತಿ ಕುಟೀರದಲ್ಲಿ ಹಳೆಯ ಸೊಂಟ ನೋವಿನ 80 ಜನರನ್ನು ಒಂದು ವಾರ ಅಲ್ಲೇ ಉಳಿಸಿಕೊಂಡು, ಅರ್ಧ ಜನಕ್ಕೆ ಯೋಗ, ಅರ್ಧ ಜನಕ್ಕೆ ದೈಹಿಕ ವ್ಯಾಯಾಮ ಹೇಳಿಕೊಟ್ಟರು. 2008ರ ವರದಿಯಂತೆ ಯೋಗದವರ ಬೆನ್ನು ಹೆಚ್ಚು ಬಳುಕಿತು, ತೊಂದರೆ ಹೆಚ್ಚು ಇಳಿಯಿತು. ಎರಡೂ ಗುಂಪಿಗೆ ಕೊಟ್ಟ ಸಮಯ, ಗಮನ ಒಂದೇ ಆಗಿದ್ದದ್ದು ಮೆಚ್ಚಬೇಕಾದ ಅಂಶ. ಅಳತೆ ಒಂದೇ ವಾರಕ್ಕೆ ಮುಗಿದದ್ದು ಅದರ ಮಿತಿ. 2011ರಲ್ಲಿ ಅಮೆರಿಕದ 228 ಜನರಲ್ಲಿ ಹನ್ನೆರಡು ವಾರದ ಯೋಗವನ್ನೂ ಅಷ್ಟೇ ವಾರದ ಸ್ನಾಯು ಎಳೆತದ ವ್ಯಾಯಾಮವನ್ನೂ ಹೋಲಿಸಿದಾಗ ಎರಡೂ ಸರಿಸಮ ನಿಂತವು. ಮನೆಯಲ್ಲಿ ಓದಿಕೊಳ್ಳಿ ಎಂದು ಪುಸ್ತಕ ಕೊಟ್ಟವರಿಗಿಂತ ಮಾತ್ರ ಎರಡೂ ಮೇಲು. ವ್ಯಾಯಾಮದ ಬಗ್ಗೆ ಇನ್ನೂರೈವತ್ತರ ಹತ್ತಿರ ಪರೀಕ್ಷೆಗಳಾಗಿವೆ. ಹಳೆಯ ನೋವಿಗೆ ವ್ಯಾಯಾಮ ಮಾಡಿದವರು ಮಾಡದವರಿಗಿಂತ ಖಂಡಿತ ಮೇಲು ಎಂದೇ ಒಟ್ಟು ಹೇಳುತ್ತವೆ. ಭುಜಂಗಾಸನವೋ ಜಿಮ್ಮೋ ಎಂಬುದು ಅಷ್ಟು ದೊಡ್ಡ ವಿಷಯವಲ್ಲ. ನೀವು ಯಾವುದನ್ನು ಬಿಡದೆ ಮಾಡುತ್ತೀರೋ ಅದು.

ನೋವು ಹೋದ ಮೇಲೂ ಏಕೆ ಮಾಡಬೇಕು? ಬೆನ್ನುಮೂಳೆಗೆ ಅಂಟಿಕೊಂಡ ಮಲ್ಟಿಫಿಡಸ್ ಎಂಬ ಗಿಡ್ಡ ಸ್ನಾಯು, ಮೊದಲ ಸಲ ಸೊಂಟ ಹಿಡಿದಾಗಲೇ ಆ ಪಕ್ಕದಲ್ಲಿ ಸೊರಗುತ್ತದೆ. ಆಸ್ಟ್ರೇಲಿಯಾದವರು 1996ರಲ್ಲಿ ತೋರಿಸಿದಂತೆ, ನೋವು ಹೋದ ಮಾತ್ರಕ್ಕೆ ಅದು ತಾನಾಗಿ ತುಂಬಿಕೊಳ್ಳುವುದಿಲ್ಲ. ಒಮ್ಮೆ ಸೊಂಟ ಹಿಡಿದು ಗುಣವಾದ ಮೂವರಲ್ಲಿ ಇಬ್ಬರಿಗೆ ವರ್ಷದೊಳಗೆ ಮತ್ತೆ ಮರುಕಳಿಸುತ್ತದೆ. ಇದನ್ನು ತಡೆಯಲು ಏನು ಮಾಡಬಹುದು ಎಂದು ಸಿಡ್ನಿಯ ಮ್ಯಾಕ್ವಾರಿ ವಿಶ್ವವಿದ್ಯಾಲಯದವರು ಗುಣವಾದ 701 ಜನರನ್ನು ತೆಗೆದುಕೊಂಡು, ಅರ್ಧ ಜನಕ್ಕೆ ಭೌತ ಚಿಕಿತ್ಸಕರ ಮೂಲಕ ನಡಿಗೆ ಕಲಿಸಿದರು. ನಿಧಾನವಾಗಿ ಹೆಚ್ಚಿಸುತ್ತ ವಾರಕ್ಕೆ ಐದು ದಿನ, ದಿನಕ್ಕೆ ಅರ್ಧ ಗಂಟೆ ತಲುಪುವುದು ಗುರಿ. 2024ರಲ್ಲಿ ಬಂದ ಫಲಿತಾಂಶ: ನಡೆಯದವರಿಗೆ ಕೆಲಸ ಕೆಡಿಸುವಂಥ ನೋವು ಮರುಕಳಿಸಿದ್ದು ಮಧ್ಯಾಂಕದ ಲೆಕ್ಕದಲ್ಲಿ 112 ದಿನಕ್ಕೆ, ನಡೆದವರಿಗೆ 208 ದಿನಕ್ಕೆ. ನಾನು ಓದಿದ ಪರೀಕ್ಷೆಗಳಲ್ಲಿ ಇಷ್ಟು ಅಗ್ಗದ ಚಿಕಿತ್ಸೆಗೆ ಇಷ್ಟು ಒಳ್ಳೆಯ ಫಲ ಕಂಡದ್ದು ಕಡಿಮೆ.

ಹಾಗಾದರೆ ಆ ಪಂದ್ಯದ ತೀರ್ಪು? ಹೊಸ ನೋವಿನಲ್ಲಿ ಪ್ಯಾರಾಸಿಟಮಾಲ್‌ಗೂ ಒದೆತಕ್ಕೂ ದೊಡ್ಡ ಅಂತರವಿದ್ದೀತು ಎಂದು ನನಗೆ ಅನಿಸುವುದಿಲ್ಲ. ಮೂಳೆ ಮೆತ್ತಗಾದ ಹಿರಿಯರು ಒದೆಸಿಕೊಳ್ಳದಿರಲಿ, ಅಷ್ಟೇ. ಮನುಷ್ಯನನ್ನು ಎಬ್ಬಿಸಿ ಓಡಾಡಿಸುವ ಚಿಕಿತ್ಸೆಗಳ ನಡುವೆ ಅಂತರ ಚಿಕ್ಕದು. ಮಲಗಿಸುವ ಚಿಕಿತ್ಸೆಗೂ ನಡೆಸುವ ಚಿಕಿತ್ಸೆಗೂ ಅಂತರ ದೊಡ್ಡದು.

ಕೊನೆಯ ಮಾತು ದಾನಿಗಳಿಗೆ. ನಮ್ಮ ಊರುಗಳ ಧರ್ಮಾಸ್ಪತ್ರೆಗಳಿಗೆ ಸೊಂಟ ಎಳೆಯುವ ಟ್ರ್ಯಾಕ್ಷನ್ ಮಂಚ, ಅಲ್ಟ್ರಾಸೌಂಡ್ ಶಾಖದ ಪೆಟ್ಟಿಗೆ, ಡಜನ್‌ಗಟ್ಟಲೆ ಸೊಂಟದ ಬೆಲ್ಟ್ ದಾನ ಕೊಡುವವರು ಒಳ್ಳೆಯ ಮನಸ್ಸಿನಿಂದಲೇ ಕೊಡುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ಹಳೆಯ ಸೊಂಟ ನೋವಿಗೆ ಹೊರಡಿಸಿದ ಮಾರ್ಗಸೂಚಿಯಲ್ಲಿ ಆ ಮೂರನ್ನೂ ಬೇಡ ಎಂದಿದೆ. ತಿಳಿವಳಿಕೆ ಹೇಳುವುದು, ವ್ಯಾಯಾಮ ಕಲಿಸುವುದು ಬೇಕು ಎಂದಿದೆ. ಬೇಕಾದ್ದಕ್ಕೆಲ್ಲ ಯಂತ್ರ ಸಾಲದು, ಮನುಷ್ಯ ಬೇಕು. ಮುಂದಿನ ಸಲ ಮಂಚಕ್ಕೆ ಕೊಡಬೇಕೆಂದಿರುವ ಹಣವನ್ನು ಒಬ್ಬ ಭೌತ ಚಿಕಿತ್ಸಕರ ಒಂದು ವರ್ಷದ ಸಂಬಳಕ್ಕೆ ಕೊಡಿ. ಹೆಸರು ಬರೆಸಲೇಬೇಕೆಂದರೆ ವ್ಯಾಯಾಮದ ಕೋಣೆಯ ಬಾಗಿಲ ಮೇಲೆ ದೊಡ್ಡ ಅಕ್ಷರದಲ್ಲೇ ಬರೆಸೋಣ.